ಮೂವತ್ತೊಂಬತ್ತನೇ ಮನಿ

ಕಂಡಿಕಿ ಸುತ್ತೋ ದಾನಮ್ಮನ ಮೊಮ್ಮಗಳು ಬನಶ್ರೀ
ಪಾಟಿಯಂಥಾ ಟ್ಯಾಬು ಎದಿಗವಚಿ ನನ್ನ ಅಂಗಡಿಗೆ ಬಂದಳು.
‘ದಾವಲ ಕಾಕಾ, ಇದರಾಗ ಪೇಟಿ ಐತಿ, ತಂಬೂರಿ ಐತಿ,
ತಬಲಾ ಅಂತೂ ಹದಿನಾರು ಥರದ್ದು.’
ಅರಗು ಹತ್ತಿದ ಕೈ ಲುಂಗಿಗೆ ಒರಸಿ
ನಾನೂ ಒಂದು ಮನಿ ಒತ್ತಿದೆ.
ಏನೂ ಇಲ್ಲ.
ಜೋರಿಲೆ ಒತ್ತಿದೆ. ಏನೂ ಇಲ್ಲ.
ನಲವತ್ತು ವರ್ಷ ಹಿತ್ತಾಳಿ ಸುರ ಕೆರೆದು ಸವದ ಬೆರಳು,
ರೇಷನ್ ಅಂಗಡಿ ಮಶೀನಿಗೇ ನನ್ನ ಗುರ್ತಿಲ್ಲ,
ಈ ಗಾಜಿಗೆ ಎಲ್ಲಿಂದ ಬರಬೇಕು!
ಹುಡುಗಿ ತಂಬಿಗ್ಯಾಗ ಬೆರಳು ಅದ್ದಿಸಿದಳು ನನಗ.
ಸಾ ಅಂತು.

ಶುದ್ಧ ಇತ್ತು ಸಾ, ಬೈಯಾಕ ಬರೂದಿಲ್ಲ.
ಆದರ ತಿದಿ ಇಲ್ಲ, ದಮ್ಮು ಇಲ್ಲ,
ಹಾಡವಗ ಕೆಮ್ಮು ಬಂದರ ತಾನೂ ಒಂಚೂರು ತಡಿಯೂದಿಲ್ಲ.
‘ಇದರ ಉಪಯೋಗ ಏನವಾ?’ ಅಂದೆ.
ಆಕಿ ಮೂಲ್ಯಾಗಿನ ಮುದುಕಿ ಪೇಟಿ ತೋರಿಸಿದಳು.
‘ಅದನ್ನ ಇದರಾಗ ತುಂಬೂಣು’ ಅಂದಳು,
ಹಗೇವಿಗೆ ಜ್ವಾಳ ತುಂಬೂಣು ಅಂದಂಗ.

ಭಜನಿ ಮಂದಿ ರಿಪೇರಿಗೆ ತಂದು, ಹೊಸದು ಕೊಂಡು,
ಒಯ್ಯೂದು ಮರತ ಪೇಟಿ ಅದು.
ಒಳಗ ಗೆದ್ದಲ. ಮಧ್ಯಮದ ಗಂಟಲು ಕಟ್ಟೇತಿ.
ಗಾಂಧಾರ ಕೂದಲೆಳಿಯಷ್ಟು ಇಳದೈತಿ,
ಇಳಿಸಿದಂವ ನಾನ.
ಟ್ಯಾಬಿನ ಮುಳ್ಳು ‘ತಪ್ಪು’ ಅಂತ ಕೆಂಪಾತು.
‘ತಿದ್ದಲೇನು?’ ಅಂದೆ, ಕಾನಸು ಹುಡುಕಿದಂಗ ಮಾಡಿ.
‘ಬ್ಯಾಡ ಕಾಕಾ, ಕೆಂಪ ಇರಲಿ.’
ಅವಾಗ ಒಂದು ಕಪ್ಪು ಚಾ ಹೇಳಿದೆ ಆಕೀಗೆ.

ಆದರ ಬನಹಟ್ಟ್ಯಾಗ ಸಪ್ಪಳಿಲ್ಲದ ತಾಸು ಎಲ್ಲಿ ಸಿಗತೈತಿ?
ಆ ಗ್ವಾಡಿಗೆ ಆರು ಮಗ್ಗ, ಈ ಗ್ವಾಡಿಗೆ ನಾಕು,
ರಾತ್ರಿ ಕನಸಿಗೂ ಲಾಳಿ ಹೊಡೀತಿರತಾವ.
ಕರೆಂಟು ಹೋಗಲಿ ಅಂತ ಕುಂತಿವಿ.
ಹುಟ್ಟಿದಾಗಿಂದ ಬರಲಿ ಅಂತ ಕಾದವರು ನಾವು,
ಹೋಗಲಿ ಅಂತ ಕಾದದ್ದು ಅದೊಂದ ವಾರ.
ಹಾಳಾದ್ದು, ಐದು ದಿನ ಹೋಗಲೇ ಇಲ್ಲ!

ಆರನೇ ದಿನ ಮಧ್ಯಾನ್ನ
ಮಗ್ಗ ಒಂದಾದ ಮ್ಯಾಲೊಂದು ಕಾಲು ಚಾಚಿದವು.
ನನ್ನ ಕಿವಿಗೆ ಗಾಳಿ ಹೊಕ್ಕಂಗಾತು.
ಬನಶ್ರೀ ಓಡಿ ಬಂದಳು, ತೆಲಿ ತುಂಬ ನೂಲಿನ ಧೂಳ.
ನಾ ತಿದಿ ಹಾಕೂದು, ಒಂದು ಮನಿ ಹಿಡಿಯೂದು,
ಆಕಿ ಬೆರಳು ಎತ್ತೂತನಕ ಉಸುರು ಬಿಡಬಾರದು.
ಮಂದ್ರ ಮುಗೀತು. ಗಂಟಲು ಕಟ್ಟಿದ ಮಧ್ಯಮನೂ ಹೋತು ಒಳಗ.
ಹದಿನೇಳನೇದಕ್ಕ ಶಾಂತವ್ವ
ಮಗ್ಗದ ಮಂದಿಯ ಗಂಟಲೀಲೆ ಬಾಗಲದಾಗ ಒದರಿದಳು:
‘ಏನ್ ನಡಸೀರ್ರೀ ಒಳಗ?’
ಅದನ್ನ ಅಳಿಸಿ ಮತ್ತ ತಗೊಂಡಿವಿ.
ಆಮ್ಯಾಲೆ ಆಕೀನೂ ಸೆರಗು ಬಾಯಿಗಿಟ್ಟು ಕುಂತಳು.
ಆಕಿ ಹಿಂದ ಆಕಿ ಸೊಸಿ. ಸೊಸಿ ಹಿಂದ ಬೀಮು ಹೊರೂ ಹುಡುಗರು.
ಯಾರೂ ಮಾತಾಡಲಿಲ್ಲ.
ಇಪ್ಪತ್ತೆಂಟು. ಮೂವತ್ತಮೂರು. ಮೂವತ್ತೆಂಟು.

ತಾರದ ಕಡೀ ಮನಿ,
ಸಣ್ಣಗ, ಎಳೀ ಕೂಸು ಕುಂಯ್ ಅಂದಂಗ, ಸುರು ಆತು,
ಆತು, ಅಷ್ಟರಾಗ
ಕರೆಂಟು ಬಂತು.
ಹತ್ತೂ ಮಗ್ಗ ಒಮ್ಮೆಲೇ: ಖಟಕ್.
ಬಾಗಲದಾಗಿನ ಮಂದಿ ಎದ್ದು ಓಡಿದರು.
ಆಕಿ ನನ್ನ ನೋಡಿದಳು, ಬೆರಳು ‘ಅಳಿಸು’ ಅನ್ನೂದರ ಮ್ಯಾಲಿತ್ತು.
ನಾ ಆ ಬೆರಳು ಹಿಡಕೊಂಡೆ.

ಪೇಟಿ ಈಗಿಲ್ಲ. ಕಟ್ಟಿಗಿ ಪುಡಿ ಆತು,
ಸುರ ಬಿಚ್ಚಿ ಇನ್ನೊಂದಕ್ಕ ಹಾಕೀನಿ.
ಸಂಜೀಗೆ ಹುಡುಗಿ ಬಂದರ, ನೋಟು ಎಣಿಸುವಂಗ
ನಾಲಗಿಗೆ ಬೆರಳು ತಾಗಿಸಿ ಬಾರಸತೀನಿ ಗಾಜು.
ಒಂದೊಂದು ಸಲ ಬೇಕಂತಲೇ ಮ್ಯಾಲೆ ಹೋಗತೀನಿ, ಕಡೀತನಕ.
ಕೇಳಿದವರು ಅಂತಾರ:
‘ಆ ಮನಿ ಕೆಟ್ಟೈತಲ್ಲೋ ದಾವಲ್ಯಾ, ಓಣಿ ಹೊಕ್ಕಂಗೈತಿ ಅದರಾಗ,
ಪೇಟಿ ರಿಪೇರಿ ಮಾಡಾಂವ ನೀ, ನಿಂದ ನಿನಗ ಆಗವಲ್ತೇನು?’
ಕೂಲಿ ಯಾರು ಕೊಡತಾರ, ಅಂತೀನಿ.